ಹೊಸ ಎಲೆಕ್ಟ್ರಿಕ್ ಕಾರು: ಸಹಿ ಹಾಕುವ ಮುನ್ನ ಏನೇನು ನೋಡಬೇಕು, ಯಾವಾಗ ಬೇಡ ಅನ್ನಬೇಕು

ಹೊಸ ಕಾರಿನ ಮುಂದೆ ನಿಂತರೆ ಕಣ್ಣು ಮೊದಲು ಬಣ್ಣದ ಮೇಲೆ ಹೋಗುತ್ತದೆ. ಪೆಟ್ರೋಲ್ ಗಾಡಿಯಾದರೆ ಅದರಿಂದ ಅಷ್ಟೇನೂ ನಷ್ಟವಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಹಣದ ದೊಡ್ಡ ಪಾಲು ಕೂತಿರುವುದು ಕಾಲಡಿಯ ಬ್ಯಾಟರಿ ಪೆಟ್ಟಿಗೆಯಲ್ಲಿ, ಅದರ ಜೊತೆಗಿನ ಚಾರ್ಜರ್, ಮೋಟಾರು, ತಂತಿಗಳಲ್ಲಿ. ಇವು ಯಾವುವೂ ಗಾಡಿಯ ಸುತ್ತ ಒಂದು ಸುತ್ತು ಹಾಕಿದರೆ ಕಾಣುವುದಿಲ್ಲ. ಹಾಗಾಗಿ ನಂಬರ್‌ಗಳನ್ನು ತಾಳೆ ನೋಡಿದ ಕೂಡಲೇ ಚಾರ್ಜಿಗೆ ಹಾಕಿ. ಚಾರ್ಜ್ ಆಗುತ್ತಿರುವಾಗ ಸಿಗುವ ಬಿಡುವಿನಲ್ಲಿ ಬಾಡಿ ನೋಡಿದರೆ ಸಾಕು.

ಯಾವಾಗ, ಹೇಗೆ ಹೋಗಬೇಕು

ಗಾಡಿ ನಿಮ್ಮ ಹೆಸರಿಗೆ ನೋಂದಣಿ ಆಗುವ ಮುನ್ನ, ಕೊನೆಯ ಕಂತಿನ ಹಣ ಹೋಗುವ ಮುನ್ನ, ಡೆಲಿವರಿ ಪತ್ರಕ್ಕೆ ಸಹಿ ಬೀಳುವ ಮುನ್ನ ತಪಾಸಣೆ ಮುಗಿದಿರಬೇಕು. ಈ ಮೂರರಲ್ಲಿ ಒಂದು ಮುಗಿದಿದ್ದರೂ ಮಾತಿನ ಧಾಟಿ ಬದಲಾಗುತ್ತದೆ. ಅಲ್ಲಿಯವರೆಗೆ ‘ಬೇರೆ ಗಾಡಿ ಕೊಡಿ’ ಎಂದು ಕೇಳಬಹುದಾಗಿತ್ತು. ಆಮೇಲೆ ಅದೇ ದೋಷ ‘ಸರ್ವಿಸ್‌ಗೆ ಬಂದಾಗ ನೋಡೋಣ’ ಆಗಿಬಿಡುತ್ತದೆ. ಚಾಸಿ ನಂಬರ್ ಹಂಚಿಕೆಯಾದ ದಿನವೇ, ಗಾಡಿ ಇನ್ನೂ ಯಾರ್ಡ್‌ನಲ್ಲಿರುವಾಗ ನೋಡಲು ಬರುತ್ತೇನೆಂದು ಲಿಖಿತವಾಗಿ ತಿಳಿಸಿ. ಫೋಟೋ ತೆಗೆಸಿಕೊಳ್ಳುವ ದಿನವನ್ನೂ ತಪಾಸಣೆಯ ದಿನವನ್ನೂ ಒಂದೇ ಮಾಡಿಕೊಳ್ಳಬೇಡಿ. ಮನೆಯವರೆಲ್ಲ ಹೊಸ ಬಟ್ಟೆಯಲ್ಲಿ ಕಾಯುತ್ತಿರುವಾಗ ಗಾಡಿಯ ಕೆಳಗೆ ಬಗ್ಗಿ ನೋಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಹಗಲು ಬೆಳಕು ಬೇಕು, ಎರಡರಿಂದ ಮೂರು ಗಂಟೆ ಬಿಡುವು ಬೇಕು. ಮೊದಲೇ ಮೂರು ವಿಷಯ ಹೇಳಿಡಿ: ಗಾಡಿ ಒಣಗಿರಬೇಕು, ಬ್ಯಾಟರಿ ಶೇ. 40ರಿಂದ 60ರ ನಡುವೆ ಇರಬೇಕು, ಲಿಫ್ಟ್ ಸಿಗಬೇಕು. ಒದ್ದೆ ಬಾಡಿಯ ಮೇಲೆ ಗೀರು ಕಾಣುವುದಿಲ್ಲ. ಬ್ಯಾಟರಿ ಶೇ. 100 ಇದ್ದರೆ ಚಾರ್ಜಿಂಗ್ ಪರೀಕ್ಷಿಸಲು ಜಾಗವೇ ಉಳಿಯುವುದಿಲ್ಲ, ರೀಜನರೇಟಿವ್ ಬ್ರೇಕಿಂಗ್ (ವೇಗ ಇಳಿಸುವಾಗ ಮೋಟಾರೇ ಬ್ಯಾಟರಿಗೆ ಕರೆಂಟ್ ಮರಳಿಸುವುದು, ಚಿಕ್ಕದಾಗಿ ‘ರೀಜನ್’) ಕೂಡ ಪೂರ್ತಿ ಕೆಲಸ ಮಾಡುವುದಿಲ್ಲ.

ಜೊತೆಗೆ ಒಯ್ಯಬೇಕಾದ್ದು ಕಡಿಮೆ: ಒಳ್ಳೆಯ ಟಾರ್ಚ್, ಟೈರ್ ಗಾಳಿ ಅಳೆಯುವ ಗೇಜ್, ವೋಲ್ಟ್ ಅಳೆಯಲು ಸಾದಾ ಮಲ್ಟಿಮೀಟರ್, ಬುಕಿಂಗ್ ಪತ್ರದ ಪ್ರತಿ, ಮತ್ತು ಬರೆದುಕೊಳ್ಳಲು ಇನ್ನೊಬ್ಬರು. ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಒಳ್ಳೆಯದು.

ನಂಬರ್‌ಗಳು ಮೊದಲು

ಚಾಸಿ ನಂಬರ್‌ನಲ್ಲಿ 17 ಅಕ್ಷರ, ಅಂಕಿಗಳಿರುತ್ತವೆ. ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಅವು ಕಂಡರೆ ಬರೆದುಕೊಳ್ಳುವಾಗ ಒಂದು, ಸೊನ್ನೆಗಳನ್ನು ತಪ್ಪಾಗಿ ಓದಿದ್ದೀರಿ ಎಂದರ್ಥ. ಬಾಡಿಯ ಲೋಹದ ಮೇಲೆ ಕೊರೆದದ್ದು, ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿರುವುದು, ಇನ್‌ವಾಯ್ಸ್‌ನಲ್ಲಿರುವುದು, ವಿಮೆ ಕರಡಿನಲ್ಲಿರುವುದು, ಎಲ್ಲವನ್ನೂ ಒಂದೊಂದೇ ಅಕ್ಷರ ಓದಿ ತಾಳೆ ನೋಡಿ. ಮೋಟಾರ್ ನಂಬರನ್ನೂ ಹಾಗೆಯೇ. ಒಂದು ಅಂಕಿ ತಪ್ಪಿದ್ದರೂ ಕಾಗದ ತಿದ್ದಿಸಿದ ಮೇಲೆಯೇ ಮುಂದಿನ ಮಾತು.

ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿ ತಯಾರಾದ ತಿಂಗಳು, ವರ್ಷ ಸಾಮಾನ್ಯವಾಗಿ ಇರುತ್ತದೆ. ಎರಡು ಮೂರು ತಿಂಗಳು ಹಳೆಯದಾದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಆರು ತಿಂಗಳು ಮೀರಿದ್ದರೆ ಅಷ್ಟೂ ದಿನ ಅದು ಎಲ್ಲಿ ನಿಂತಿತ್ತು, ನಡುವೆ ಚಾರ್ಜ್ ಮಾಡುತ್ತಿದ್ದರೇ ಎಂದು ಕೇಳಿ. ಬಿಸಿಲಲ್ಲಿ ತುಂಬಿದ ಬ್ಯಾಟರಿಯೊಂದಿಗೆ ನಿಂತ ಗಾಡಿಗೂ, ಸೊನ್ನೆಯ ಹತ್ತಿರ ತಿಂಗಳುಗಟ್ಟಲೆ ನಿಂತ ಗಾಡಿಗೂ ಒಳ್ಳೆಯದಾಗಿರುವುದಿಲ್ಲ.

ಓಡೋಮೀಟರ್ ನೋಡಿ. ಕಾರ್ಖಾನೆಯ ಪರೀಕ್ಷೆ, ಲಾರಿಗೆ ಹತ್ತಿಸಿ ಇಳಿಸಿದ್ದು, ಯಾರ್ಡ್ ಓಡಾಟ ಸೇರಿ ಹತ್ತಾರು ಕಿಲೋಮೀಟರ್ ಇರುವುದು ಸಹಜ. ನೂರಾರು ಕಿಲೋಮೀಟರ್ ತೋರಿಸುತ್ತಿದ್ದರೆ ಅದು ಡೆಮೊ ಗಾಡಿ ಇರಬಹುದು, ಇಲ್ಲವೇ ಶೋರೂಮಿನಿಂದ ಶೋರೂಮಿಗೆ ಓಡಿಸಿಕೊಂಡು ತಂದದ್ದಿರಬಹುದು. ಎರಡಕ್ಕೂ ಹೊಸ ಗಾಡಿಯ ಬೆಲೆ ಕೊಡಬೇಕಿಲ್ಲ.

ಚಾರ್ಜಿಗೆ ಹಾಕಿ

ಪ್ಲಗ್ ಹಾಕುವ ಮುನ್ನ ಚಾರ್ಜಿಂಗ್ ಬಾಯಿಯೊಳಗೆ ಟಾರ್ಚ್ ಬಿಡಿ. ಟೈಪ್ 2 ಕನೆಕ್ಟರ್ (ಎಸಿ ಕರೆಂಟ್‌ನ, ಅಂದರೆ ನಿಧಾನ ಚಾರ್ಜಿಂಗಿನದ್ದು) ಆದರೆ ಮೇಲೆ ಎರಡು ಸಣ್ಣ ರಂಧ್ರ, ಕೆಳಗೆ ಐದು ದೊಡ್ಡವು. ಸಿಸಿಎಸ್ 2 ಆದರೆ ಅದರ ಕೆಳಗೆ ಡಿಸಿ ಕರೆಂಟ್‌ಗೆ, ಅಂದರೆ ಫಾಸ್ಟ್ ಚಾರ್ಜಿಂಗಿಗೆಂದು ಇನ್ನೆರಡು ದಪ್ಪನೆಯವು. ಒಂದೇ ಫೇಸ್‌ನಲ್ಲಿ ಚಾರ್ಜ್ ಆಗುವ ಗಾಡಿಗಳಲ್ಲಿ ಐದರ ಪೈಕಿ ಎರಡು ರಂಧ್ರಗಳೊಳಗೆ ಲೋಹವೇ ಇಲ್ಲದಿರಬಹುದು, ಅದು ದೋಷವಲ್ಲ. ದೋಷ ಯಾವುದೆಂದರೆ, ಬಾಗಿದ ಪಿನ್ನು, ಕಪ್ಪು ಕಲೆ, ಕರಗಿದಂತೆ ಕಾಣುವ ಪ್ಲಾಸ್ಟಿಕ್, ಹಸಿರು ತುಕ್ಕು, ಒಳಗೆ ನಿಂತ ನೀರು. ಮುಚ್ಚಳ ಸಲೀಸಾಗಿ ತೆರೆದು ಮುಚ್ಚಬೇಕು, ಸುತ್ತಲಿನ ರಬ್ಬರ್ ಹರಿದಿರಬಾರದು.

ನಿಮಗೆ ಕೊಡುವ ಪೋರ್ಟಬಲ್ ಚಾರ್ಜರ್‌ನಿಂದಲೇ ಶುರು ಮಾಡಿ. ಶೋರೂಮಿನ ಗೋಡೆ ಚಾರ್ಜರ್‌ನಲ್ಲಿ ಕೆಲಸ ಮಾಡಿತೆಂದರೆ ಡಿಕ್ಕಿಯಲ್ಲಿರುವುದೂ ಕೆಲಸ ಮಾಡುತ್ತದೆ ಎಂದಲ್ಲ. ‘ಅರ್ಥಿಂಗ್ ದೋಷ’ ಎಂದು ಕೆಂಪು ದೀಪ ಬಂದರೆ ಗಾಬರಿಯಾಗಬೇಡಿ. ಹೆಚ್ಚಿನ ಸಲ ತಪ್ಪು ಗೋಡೆಯ ಸಾಕೆಟ್ಟಿನದ್ದು. ಬೇರೆ ಸಾಕೆಟ್‌ನಲ್ಲಿ ಹಾಕಿ ನೋಡಿ. ಎರಡು ಮೂರು ಸಾಕೆಟ್‌ನಲ್ಲೂ ಅದೇ ಬಂದು, ಅದೇ ಸಾಕೆಟ್‌ನಲ್ಲಿ ಇನ್ನೊಂದು ಗಾಡಿ ಚಾರ್ಜ್ ಆಗುತ್ತಿದ್ದರೆ ಆಗ ತಪ್ಪು ನಿಮ್ಮ ಚಾರ್ಜರ್‌ನಲ್ಲಿದೆ ಅಥವಾ ಗಾಡಿಯಲ್ಲಿದೆ.

ಈಗ ಸ್ವಲ್ಪ ಲೆಕ್ಕ. 230 ವೋಲ್ಟ್‌ನಲ್ಲಿ 16 ಆಂಪಿಯರ್ ಎಂದರೆ ಸುಮಾರು 3.7 ಕಿಲೋವಾಟ್, 32 ಆಂಪಿಯರ್ ಎಂದರೆ ಸುಮಾರು 7.4. ಗಾಡಿಯ ಪರದೆ ಇದಕ್ಕಿಂತ ತುಸು ಕಡಿಮೆ ತೋರಿಸುತ್ತದೆ, ಅದು ಸರಿಯೇ. 50 ಕಿಲೋವಾಟ್-ಅವರ್ ಬ್ಯಾಟರಿಗೆ 7 ಕಿಲೋವಾಟ್‌ನಂತೆ ಅರ್ಧ ಗಂಟೆ ಹಾಕಿದರೆ ಮೂರೂವರೆ ಯೂನಿಟ್ ಒಳಗೆ ಹೋಗಬೇಕು, ಅಂದರೆ ಶೇ. 6-7ರಷ್ಟು ಏರಬೇಕು. ಶೇ. 48ರಲ್ಲಿ ಹಾಕಿದ್ದು ಅರ್ಧ ಗಂಟೆಯ ಮೇಲೆ ಶೇ. 49 ಎಂದಿದ್ದರೆ ಎಲ್ಲೋ ಏನೋ ತಡೆದಿದೆ. ಗಾಡಿಯಲ್ಲೇ ಆಂಪಿಯರ್ ಮಿತಿ ಕಡಿಮೆ ಇಟ್ಟಿದ್ದಾರೆಯೇ ಎಂದು ಮೊದಲು ನೋಡಿ, ಆಮೇಲೆ ಅನುಮಾನ ಪಡಿ.

ಚಾರ್ಜಿಂಗ್ ಶುರುವಾದ ಮೇಲೆ ಪ್ಲಗ್ ಎಳೆದು ನೋಡಿ: ಲಾಕ್ ಆಗಿ ಬಿಗಿಯಾಗಿ ನಿಂತಿರಬೇಕು. ಪರದೆಯಿಂದ ನಿಲ್ಲಿಸಿ, ಬಿಡಿಸಿ, ಮತ್ತೆ ಹಾಕಿ. ಹೊಸ ಗಾಡಿಗಳಲ್ಲಿ ಕಾಣುವ ಕಿರಿಕಿರಿಯೊಂದು ಇಲ್ಲೇ ಹೊರಬೀಳುತ್ತದೆ: ಚಾರ್ಜ್ ನಿಂತರೂ ಲಾಕಿನ ಕಡ್ಡಿ ಹಿಂದೆ ಸರಿಯದೆ ಪ್ಲಗ್ ಸಿಕ್ಕಿಕೊಳ್ಳುವುದು. ತುರ್ತಾಗಿ ಬಿಡಿಸುವ ದಾರ ಅಥವಾ ಹಿಡಿಕೆ ಎಲ್ಲಿದೆ ಎಂದು ಆಗಲೇ ತೋರಿಸಿ ಎನ್ನಿ. ಇಪ್ಪತ್ತು ನಿಮಿಷದ ನಂತರ ಪ್ಲಗ್ಗನ್ನು ಮುಟ್ಟಿ. ಬೆಚ್ಚಗಿರಬಹುದು, ಕೈ ಇಡಲಾಗದಷ್ಟು ಸುಡಬಾರದು, ಸುಟ್ಟ ವಾಸನೆ ಬರಬಾರದು.

ಡಿಸಿ ಫಾಸ್ಟ್ ಚಾರ್ಜರ್ ಹತ್ತಿರದಲ್ಲಿದ್ದರೆ ಟೆಸ್ಟ್ ಡ್ರೈವ್‌ನ ದಾರಿಯಲ್ಲಿ ಹತ್ತು ನಿಮಿಷ ಹಾಕಿ. ಎಸಿ ಮತ್ತು ಡಿಸಿ ದಾರಿಗಳು ಗಾಡಿಯೊಳಗೆ ಬೇರೆ ಬೇರೆ, ಒಂದು ಸರಿಯಿದ್ದು ಇನ್ನೊಂದು ಕೆಟ್ಟಿರಬಹುದು. ಕರಪತ್ರದಲ್ಲಿರುವ ಗರಿಷ್ಠ ಕಿಲೋವಾಟ್ ನಿರೀಕ್ಷಿಸಬೇಡಿ. ಅದು ಬ್ಯಾಟರಿ ಕಡಿಮೆ ಇದ್ದು, ಸೆಲ್‌ಗಳು ಬೆಚ್ಚಗಿದ್ದು, ಚಾರ್ಜರ್ ಕೂಡ ಅಷ್ಟು ಕೊಡುವಂಥದ್ದಾಗಿದ್ದರೆ ಮಾತ್ರ ಬರುವ ಅಂಕಿ. ಇಲ್ಲಿ ನೋಡಬೇಕಾದ್ದು ಚಾರ್ಜಿಂಗ್ ಶುರುವಾಗಿ ನಡುವೆ ಕಡಿಯದೆ ನಡೆಯುತ್ತದೆಯೇ ಎಂಬುದಷ್ಟೆ.

ಚಾರ್ಜ್ ಆಗುತ್ತಿರುವಾಗ ಬಾಡಿ, ಗಾಜು, ಟೈರ್

ಬಣ್ಣವನ್ನು ನೇರ ನಿಂತು ನೋಡಬೇಡಿ. ಪ್ಯಾನೆಲ್‌ನ ತುದಿಗೆ ಕಣ್ಣು ತಂದು, ಬೆಳಕು ಓರೆಯಾಗಿ ಬೀಳುವ ಹಾಗೆ ನೋಡಿ. ಎದುರಿನ ಗೋಡೆಯ ಅಂಚು ಬಾಗಿಲಿನಲ್ಲಿ ಪ್ರತಿಫಲಿಸುವಾಗ ಗೆರೆ ಎಲ್ಲಾದರೂ ಕುಗ್ಗಿ ಎದ್ದರೆ ಅಲ್ಲಿ ತಗ್ಗಿದೆ. ಬಾಗಿಲ ರಬ್ಬರ್ ಮೇಲೆ, ದೀಪದ ಅಂಚಿನಲ್ಲಿ, ಚಕ್ರದ ಗೂಡಿನೊಳಗೆ ಬಣ್ಣದ ಸಿಂಪರಣೆ ಕಂಡರೆ ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ. ಮೀಟರ್ ಇದ್ದರೆ ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ತೋರಿಸುತ್ತದೆ. ಅಂಕಿಗಿಂತ ಹೋಲಿಕೆ ಮುಖ್ಯ: ಎಡ ಬಾಗಿಲು 110, ಬಲ ಬಾಗಿಲು 260 ಎಂದರೆ ಕಥೆ ಅಲ್ಲೇ ಇದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಮೀಟರ್ ಕೆಲಸ ಮಾಡುವುದಿಲ್ಲ.

‘ಸಣ್ಣ ಗೀರು, ಇಲ್ಲೇ ಪೇಂಟ್ ಮಾಡಿಸಿ ಕೊಡುತ್ತೇವೆ’ ಎಂಬ ಮಾತು ಸಾಮಾನ್ಯ. ಪಾಲಿಶ್‌ನಲ್ಲಿ ಹೋಗುವುದಾದರೆ ಒಪ್ಪಬಹುದು. ಪ್ಯಾನೆಲ್‌ಗೇ ಬಣ್ಣ ಹೊಡೆಯುವುದಾದರೆ ಯೋಚಿಸಿ. ಕಾರ್ಖಾನೆಯಲ್ಲಿ ಬರಿಯ ಬಾಡಿಯನ್ನು ನೂರು ಡಿಗ್ರಿಗೂ ಮೀರಿದ ಬಿಸಿಯ ಒಲೆಯಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್, ವೈರಿಂಗ್, ಬ್ಯಾಟರಿ ಕೂತ ಗಾಡಿಯನ್ನು ಆ ಬಿಸಿಗೆ ಒಡ್ಡುವಂತಿಲ್ಲ, ಹಾಗಾಗಿ ಗ್ಯಾರೇಜಿನ ಬಣ್ಣ ಅದೇ ಬಣ್ಣವಾಗುವುದಿಲ್ಲ.

ಬಾನೆಟ್, ಬಾಗಿಲು, ಡಿಕ್ಕಿಯ ಸಂದುಗಳನ್ನು ಎಡಬಲ ಹೋಲಿಸಿ. ಕೀಲಿನ ಬೋಲ್ಟ್‌ಗಳ ತಲೆಯ ಮೇಲೆ ಬಣ್ಣ ಎದ್ದು ಸ್ಪ್ಯಾನರ್ ಗುರುತಿದ್ದರೆ ಆ ಭಾಗ ಬಿಚ್ಚಿದ್ದಾರೆ. ಕಾರ್ಖಾನೆಯಲ್ಲೇ ಹೊಂದಿಸಿದ್ದೂ ಇರಬಹುದು, ಆದ್ದರಿಂದ ಇನ್ನೊಂದು ಬದಿಯ ಬೋಲ್ಟ್ ನೋಡಿ ತೀರ್ಮಾನಿಸಿ. ಎಲ್ಲ ಗಾಜುಗಳ ಮೂಲೆಯಲ್ಲಿ ಮುದ್ರೆ ಇರುತ್ತದೆ. ಒಂದರ ತಯಾರಕ ಅಥವಾ ವರ್ಷ ಮಾತ್ರ ಬೇರೆಯಾಗಿದ್ದರೆ ಯಾಕೆಂದು ಕೇಳಿ.

ಟೈರ್‌ನ ಪಕ್ಕದಲ್ಲಿ ಡಿಒಟಿ ಸಂಕೇತದ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 3524 ಎಂದರೆ 2024ರ 35ನೇ ವಾರ. ನಾಲ್ಕೂ ಟೈರ್‌ಗಳ ನಡುವೆ ಕೆಲವು ವಾರಗಳ ಅಂತರವಿದ್ದರೆ ಪರವಾಗಿಲ್ಲ. ಗಾಡಿ ತಯಾರಾದ ದಿನಾಂಕಕ್ಕಿಂತ ಆಮೇಲಿನ ವಾರ ಒಂದರ ಮೇಲಿದ್ದರೆ ಆ ಟೈರ್ ಬದಲಾಗಿದೆ. ಗಾಳಿಯನ್ನು ತಪ್ಪದೆ ಅಳೆಯಿರಿ. ಸಾಗಣೆಗೆಂದು, ದೀರ್ಘಕಾಲ ನಿಲ್ಲಿಸಲೆಂದು ಹೆಚ್ಚು ಗಾಳಿ ತುಂಬಿರುತ್ತಾರೆ, ಇಳಿಸುವುದನ್ನು ಮರೆಯುತ್ತಾರೆ. ಬಾಗಿಲ ಚೌಕಟ್ಟಿನಲ್ಲಿ 36 ಪಿಎಸ್‌ಐ ಎಂದಿದ್ದು ಟೈರ್‌ನಲ್ಲಿ 48 ಇದ್ದರೆ ಟೆಸ್ಟ್ ಡ್ರೈವ್ ಗಡಸಾಗಿ, ಸದ್ದಾಗಿ ಅನಿಸುತ್ತದೆ, ಸಸ್ಪೆನ್ಷನ್ ಕೆಟ್ಟಿದೆಯೆಂದು ತಪ್ಪು ತಿಳಿಯುತ್ತೀರಿ. ಸ್ಟೆಪ್ನಿ ಇಲ್ಲದ ಗಾಡಿಯಾದರೆ ಪಂಕ್ಚರ್ ಕಿಟ್‌ನ ದ್ರವದ ಬಾಟಲಿಯ ಮೇಲಿನ ಅವಧಿ ಮುಗಿಯುವ ದಿನಾಂಕ ಓದಿ.

ಒಳಗೆ, ಪರದೆಯಲ್ಲಿ, ಬಾನೆಟ್ ಕೆಳಗೆ

ಡಿಕ್ಕಿಯ ತಳದ ಹಲಗೆ ಎತ್ತಿ, ಕಾಲಡಿಯ ಕಾರ್ಪೆಟ್ಟಿನ ಮೂಲೆ ಒತ್ತಿ ನೋಡಿ. ಒದ್ದೆ, ಮಣ್ಣಿನ ಗೆರೆ, ಮುಗ್ಗಲು ವಾಸನೆ, ಸೀಟಿನ ಹಳಿಯ ಮೇಲೆ ತುಕ್ಕು ಇದ್ದರೆ ನೀರು ಒಳಗೆ ಬಂದಿದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಇದೊಂದೇ ಸಾಕು, ವಾದವೇ ಬೇಡ, ವಾಪಸ್.

ಪರದೆಯಲ್ಲಿ ‘ರೆಡಿ’ ಬಂದ ಮೇಲೆ ಯಾವ ಎಚ್ಚರಿಕೆ ದೀಪವೂ ಉಳಿಯಬಾರದು. ಆನ್ ಮಾಡುವಾಗ ಸೀಟಿನ ಕೆಳಗಿಂದ ಬರುವ ‘ಟಕ್’ ಸದ್ದು ಬ್ಯಾಟರಿಯ ಕಾಂಟ್ಯಾಕ್ಟರ್‌ನದ್ದು (ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್), ಅದು ಇರಬೇಕಾದದ್ದೇ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಎಚ್ಚರಿಕೆಗಳು ಒಟ್ಟಿಗೆ ಬಂದರೆ ದೊಡ್ಡ ಬ್ಯಾಟರಿಗಿಂತ ಮೊದಲು 12 ವೋಲ್ಟ್‌ನ ಸಣ್ಣ ಬ್ಯಾಟರಿಯನ್ನು ಅನುಮಾನಿಸಿ. ಯಾರ್ಡ್‌ನಲ್ಲಿ ನಿಂತ ಗಾಡಿಗಳಲ್ಲಿ ಬೇಗ ಸೋಲುವುದು ಅದೇ. ಲೆಡ್-ಆಸಿಡ್ ಆದರೆ ಗಾಡಿ ಮಲಗಿದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು. 12ಕ್ಕಿಂತ ಇಳಿದಿದ್ದರೆ ಅದು ಪೂರ್ತಿ ಬರಿದಾಗಿದೆ, ಜಂಪ್ ಕೊಟ್ಟು ಎಬ್ಬಿಸಿ ಕೊಡುವುದನ್ನು ಒಪ್ಪದೆ ಹೊಸದು ಕೇಳಿ. ಗಾಡಿ ಆನ್ ಇದ್ದಾಗ ಅದೇ ತುದಿಗಳಲ್ಲಿ ಸಾಮಾನ್ಯವಾಗಿ 13.5ಕ್ಕಿಂತ ಮೇಲೆ ಬರುತ್ತದೆ, ಅಂದರೆ ದೊಡ್ಡ ಬ್ಯಾಟರಿಯಿಂದ ಇದಕ್ಕೆ ಕರೆಂಟ್ ಕೊಡುವ ಪರಿವರ್ತಕ ಕೆಲಸ ಮಾಡುತ್ತಿದೆ. ಕಿತ್ತಳೆ ಬಣ್ಣದ ತಂತಿಗಳನ್ನು ಮಾತ್ರ ಮುಟ್ಟಬೇಡಿ. ಅವುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಕಣ್ಣಿಂದಲೇ ನೋಡಿ: ಸಿಪ್ಪೆ ಹರಿದಿದೆಯೇ, ಇಲಿ ಕಡಿದಿದೆಯೇ. ಕೂಲೆಂಟ್ (ತಂಪಾಗಿಡುವ ದ್ರವ) ಎಲ್ಲ ಡಬ್ಬಿಗಳಲ್ಲೂ ಎರಡು ಗೆರೆಗಳ ನಡುವೆ ಇರಬೇಕು.

ರೇಂಜ್ ಅಂಕಿ ನೋಡಿ ಬ್ಯಾಟರಿಯ ಆರೋಗ್ಯ ಅಳೆಯಬೇಡಿ. ಆ ಅಂಕಿ ಹಿಂದಿನ ಕೆಲವು ಕಿಲೋಮೀಟರ್ ಹೇಗೆ ಓಡಿತು ಎಂಬುದರ ಮೇಲೆ ಕಟ್ಟಿದ ಊಹೆ. ಯಾರ್ಡ್‌ನಲ್ಲಿ ಎಸಿ ಹಾಕಿಕೊಂಡು ತೆವಳಿದ ಗಾಡಿ ಕಡಿಮೆಯೇ ತೋರಿಸುತ್ತದೆ. ಬೇಕಿದ್ದರೆ ಸರ್ವಿಸ್ ವಿಭಾಗದವರ ಸ್ಕ್ಯಾನರ್‌ನಿಂದ ಬ್ಯಾಟರಿಯ ಆರೋಗ್ಯ, ಸೆಲ್‌ಗಳ ವೋಲ್ಟೇಜ್ ವ್ಯತ್ಯಾಸ, ದಾಖಲಾದ ದೋಷಗಳ ಮುದ್ರಿತ ಪ್ರತಿ ಕೇಳಿ. ಕೊಡಲೇಬೇಕೆಂದಿಲ್ಲ, ಆದರೆ ಕೇಳಿದವರಿಗೆ ಹಲವರು ಕೊಡುತ್ತಾರೆ.

ಎಸಿಯನ್ನು ತಣ್ಣಗೆ, ಬಿಸಿ ಎರಡರಲ್ಲೂ ಓಡಿಸಿ. ಹಲವು ಗಾಡಿಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವುದೂ ಅದೇ ಗ್ಯಾಸ್. ಸಾಗಣೆಯ ಮೋಡ್ (ಲಾರಿಯಲ್ಲಿ ತರುವಾಗ ಕೆಲವು ಸೌಲಭ್ಯಗಳನ್ನು ನಿಲ್ಲಿಸಿಡುವುದು) ತೆಗೆದಿದ್ದಾರೆಯೇ, ನೀವು ಹಣ ಕೊಟ್ಟ ಸೌಲಭ್ಯಗಳೆಲ್ಲ ತೆರೆದಿವೆಯೇ, ಎರಡೂ ಕೀಗಳು ಕೆಲಸ ಮಾಡುತ್ತವೆಯೇ, ನಿಮ್ಮ ಫೋನಿನ ಆ್ಯಪ್‌ಗೆ ಗಾಡಿ ಸೇರುತ್ತದೆಯೇ ನೋಡಿ. ಸೇಲ್ಸ್‌ನವರು ಪರೀಕ್ಷೆಗೆಂದು ತಮ್ಮ ಖಾತೆಯಲ್ಲಿ ಜೋಡಿಸಿಕೊಂಡಿದ್ದರೆ ನಿಮ್ಮೆದುರೇ ಅಳಿಸಲಿ.

ಲಿಫ್ಟ್ ಮೇಲೆ

ಚಾರ್ಜರ್ ತೆಗೆದ ಮೇಲೆ ಗಾಡಿಯನ್ನು ಎತ್ತಿಸಿ. ಎತ್ತುವವರು ತೋಳುಗಳನ್ನು ಎಲ್ಲಿ ಇಡುತ್ತಾರೆಂದು ನಿಂತು ನೋಡಿ. ಬ್ಯಾಟರಿ ಪೆಟ್ಟಿಗೆಯ ಕೆಳಗೆ ಇಟ್ಟರೆ ನಿಲ್ಲಿಸಿ. ಜಾಕ್ ಪಾಯಿಂಟ್‌ಗಳು ಪೆಟ್ಟಿಗೆಯ ಹೊರಗಡೆ, ಬಾಗಿಲ ಕೆಳಗಿನ ಅಂಚಿನ ಬಳಿ ಇರುತ್ತವೆ. ಲಾರಿಯ ಇಳಿಜಾರಿಗೆ ತಳ ತಾಗಿದ್ದು, ತಪ್ಪು ಜಾಗದಲ್ಲಿ ಜಾಕ್ ಇಟ್ಟದ್ದು, ಸರಪಳಿ ಕಟ್ಟಿ ಎಳೆದದ್ದು ಇಲ್ಲಿ ಸಿಗುತ್ತದೆ. ರಕ್ಷಣಾ ತಟ್ಟೆಯ ಮೇಲೆ ಬೆರಳಿಗೆ ಸಿಗದ ಗೀರಿದ್ದರೆ ಫೋಟೋ ತೆಗೆದು ಬರೆಸಿಕೊಳ್ಳಿ, ಸಾಕು. ಪೆಟ್ಟಿಗೆ ತಗ್ಗಾಗಿದ್ದರೆ, ಸೀಲ್ ಎದ್ದಿದ್ದರೆ, ಬೋಲ್ಟ್ ಕಾಣೆಯಾಗಿದ್ದರೆ, ಕೂಲೆಂಟ್ ತೊಟ್ಟಿಕ್ಕುತ್ತಿದ್ದರೆ ಗಾಡಿ ಬೇಡ. ‘ಹೊರಗಿನ ತಟ್ಟೆ ಅಷ್ಟೇ ಸಾರ್’ ಎನ್ನುತ್ತಾರೆ. ಇರಬಹುದು. ಆದರೆ ಒಳಗಿನ ಸೆಲ್‌ಗೆ ಪೆಟ್ಟಾಗಿಲ್ಲ ಎಂದು ಹೊರಗಿಂದ ನೋಡಿ ಯಾರೂ ಹೇಳಲಾರರು. ಜೊತೆಗೆ, ಹೊರಗಿನಿಂದ ಬಿದ್ದ ಏಟಿಗೆ ಬ್ಯಾಟರಿ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಇವತ್ತು ಬರೆಸದ ತಗ್ಗು ನಾಳೆ ನೀವೇ ಮಾಡಿದ್ದಾಗುತ್ತದೆ.

ಓಡಿಸಿ ನೋಡುವುದು

ಐದಾರು ಕಿಲೋಮೀಟರ್ ಸಾಕು. ಹೊರಡುವಾಗ ಬ್ರೇಕ್ ಡಿಸ್ಕ್ ಮೇಲೆ ತೆಳುವಾದ ತುಕ್ಕಿದ್ದರೆ ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಬಹಳ ದಿನ ನಿಂತ ಟೈರ್ ಒಂದೆಡೆ ಚಪ್ಪಟೆಯಾಗಿ ಮೊದಲು ನಡುಗಬಹುದು, ಬೆಚ್ಚಗಾದಂತೆ ಕಡಿಮೆಯಾಗಬೇಕು. ಕೊನೆಯವರೆಗೂ ಸ್ಟೀರಿಂಗ್ ನಡುಗಿದರೆ ಟೈರ್ ಅಥವಾ ಚಕ್ರ ಬದಲಾಗಲಿ. ನಿಧಾನ ವೇಗದಲ್ಲಿ ಕೇಳುವ ಗುಂಯ್ ಸದ್ದು ಪಾದಚಾರಿಗಳ ಎಚ್ಚರಿಕೆಗೆ ಇಟ್ಟದ್ದು. ನೇರ ರಸ್ತೆಯಲ್ಲಿ ಸ್ಟೀರಿಂಗ್ ನೆಟ್ಟಗಿರಬೇಕು. ರೀಜನ್ ಹಂತಗಳನ್ನು ಒಂದೊಂದಾಗಿ ಬದಲಿಸಿ, ಎಳೆತದ ವ್ಯತ್ಯಾಸ ಗೊತ್ತಾಗಬೇಕು. ಒಮ್ಮೆ ಪೂರ್ತಿ ಆಕ್ಸಿಲರೇಟರ್ ಒತ್ತಿ. ಈ ಹೊತ್ತಿನಲ್ಲಿ ಆಮೆ ಚಿಹ್ನೆ ಬಂದರೆ ಶಕ್ತಿ ಕಡಿತವಾಗಿದೆ, ಅರ್ಧ ತುಂಬಿದ ಬ್ಯಾಟರಿಯಲ್ಲಿ ಅದು ಬರಲೇಬಾರದು.

ಒಪ್ಪುವುದೋ ಬೇಡವೋ

ಕಂಡದ್ದನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಪಾಲಿಶ್‌ಗೆ ಹೋಗುವ ಗೀರು, ಬಾಗಿಲ ಹೊಂದಾಣಿಕೆ, ಸಾಫ್ಟ್‌ವೇರ್ ಅಪ್‌ಡೇಟ್, ಬಾರದ ಮ್ಯಾಟ್, ಹೆಚ್ಚಿನ ಗಾಳಿ, ಇವಕ್ಕಾಗಿ ಗಾಡಿ ಬಿಡುವುದು ಅತಿ. ಅವನ್ನು ಸರಿಪಡಿಸಿದ ಮೇಲೆ ಡೆಲಿವರಿ ಎನ್ನಿ. ಬಿಡಿಭಾಗ ಬರಬೇಕಿದ್ದರೆ ಯಾವ ಭಾಗ, ಯಾವ ದಿನಾಂಕದೊಳಗೆ, ಖರ್ಚು ಯಾರದು ಎಂದು ಡೆಲಿವರಿ ಪತ್ರದಲ್ಲೇ ಬರೆಸಿ, ಸಹಿ ಮತ್ತು ಮೊಹರು ಹಾಕಿಸಿ. ವಾಟ್ಸ್ಆ್ಯಪ್‌ನಲ್ಲಿ ‘ಡೋಂಟ್ ವರಿ ಸಾರ್’ ಎಂದದ್ದು ಬರವಣಿಗೆಯಲ್ಲ.

ಬೇಡವೆನ್ನಬೇಕಾದವು ಬೇರೆ: ಬ್ಯಾಟರಿ ಪೆಟ್ಟಿಗೆಗೆ ಪೆಟ್ಟು, ನೀರು ನುಗ್ಗಿದ ಗುರುತು, ಅಳಿಸಿದರೂ ಮರಳುವ ಹೈ-ವೋಲ್ಟೇಜ್ ಅಥವಾ ಚಾರ್ಜಿಂಗ್ ದೋಷ, ಗಾಡಿಯ ಕಡೆಯಿಂದ ಕಡಿಯುವ ಚಾರ್ಜಿಂಗ್, ರಿಪೇರಿ ಮಾಡಿ ಮರೆಮಾಚಿದ ಬಾಡಿ, ತಾಳೆಯಾಗದ ಚಾಸಿ ನಂಬರ್. ದೋಷ ಅಳಿಸಿ ತೋರಿಸಿದರೆ ಅಲ್ಲಿಗೆ ನಂಬಬೇಡಿ. ಗಾಡಿಯನ್ನು ಆಫ್ ಮಾಡಿ, ಹತ್ತು ನಿಮಿಷ ಲಾಕ್ ಮಾಡಿಟ್ಟು, ಮತ್ತೆ ಆನ್ ಮಾಡಿ, ಚಾರ್ಜಿಗೂ ಹಾಕಿ, ಒಂದು ಸುತ್ತು ಓಡಿಸಿ. ದೋಷ ನಿಜವಾದದ್ದಾದರೆ ಹೆಚ್ಚಾಗಿ ಇಷ್ಟರೊಳಗೆ ತಲೆಯೆತ್ತುತ್ತದೆ.

ತಿರಸ್ಕರಿಸುವುದಾದರೆ ಕೀ ತೆಗೆದುಕೊಳ್ಳಬೇಡಿ, ‘ತೃಪ್ತಿಕರವಾಗಿದೆ’ ಎಂಬ ಸಾಲಿರುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ‘ಸದ್ಯ ಮನೆಗೆ ಒಯ್ಯಿರಿ’ ಎಂಬುದಕ್ಕೆ ಒಪ್ಪಬೇಡಿ. ದೋಷದ ಹತ್ತಿರದ ಫೋಟೋ ಒಂದು, ಅದೇ ದೋಷ ಇಡೀ ಗಾಡಿಯೊಂದಿಗೆ ಕಾಣುವ ಫೋಟೋ ಒಂದು, ಚಾಸಿ ನಂಬರ್ ಮತ್ತು ಓಡೋಮೀಟರ್‌ನ ಫೋಟೋ, ಎಚ್ಚರಿಕೆ ದೀಪದ ವಿಡಿಯೋ ತೆಗೆದಿಡಿ. ಅಂದೇ ಇಮೇಲ್ ಕಳಿಸಿ: ಯಾವ ಚಾಸಿ ನಂಬರ್, ಯಾವ ದಿನ, ಏನು ಕಂಡಿತು, ಈ ಗಾಡಿಯನ್ನು ಸ್ವೀಕರಿಸುತ್ತಿಲ್ಲ, ಅದೇ ಮಾದರಿಯ ಇನ್ನೊಂದು ಗಾಡಿ ಬೇಕು ಇಲ್ಲವೇ ಮುಂಗಡ ವಾಪಸ್ ಬೇಕು. ಒಂದು ಪ್ರತಿ ತಯಾರಕ ಕಂಪನಿಯ ಗ್ರಾಹಕ ವಿಭಾಗಕ್ಕೂ ಹೋಗಲಿ. ಸಾಲ ಮಂಜೂರಾಗಿದ್ದರೆ ಹಣ ಬಿಡುಗಡೆ ತಡೆಯಿರಿ ಎಂದು ಬ್ಯಾಂಕಿಗೆ ಅದೇ ದಿನ ಬರೆಯಿರಿ. ವಿಮೆ ಆಗಿಬಿಟ್ಟಿದ್ದರೆ ಹೊಸ ಚಾಸಿ ನಂಬರಿಗೆ ವರ್ಗಾಯಿಸುವ ಅಥವಾ ರದ್ದುಮಾಡುವ ಹೊಣೆ ಡೀಲರ್‌ದೆಂದು ಬರೆಸಿ. ಬದಲಿ ಗಾಡಿ ಬಂದಾಗ ಅದರ ಚಾಸಿ ನಂಬರನ್ನು ಮೊದಲಿನದರೊಂದಿಗೆ ಹೋಲಿಸಿ ನೋಡಿ. ತೊಳೆದು ಪಾಲಿಶ್ ಮಾಡಿದ ಅದೇ ಗಾಡಿ ಮತ್ತೆ ಮುಂದೆ ಬಂದು ನಿಂತಿರಬಾರದು.